ಹಗೇವಿನ ಉಸಿರು

ಯಂತ್ರದ ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ಇದನ್ನು ಜಂಬ ಎಂದರೆ ಅನ್ನಿ, ನನಗೇನೂ ಬೇಸರವಿಲ್ಲ. ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ಗೇಟಿನ ಹೊರಗೆ ನಿಂತು ಸದ್ದು ಕೇಳಿಯೇ ಒಳಗೆ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದೆ. ಹೇಳಿದ್ದು ತಪ್ಪಿದ್ದು ನೆನಪಿಲ್ಲ. ನಾನು ಸೋತದ್ದು ಒಂದೇ ಸಲ. ಅದು ಯಂತ್ರದಿಂದಲ್ಲ, ನನ್ನ ನಾಲಿಗೆಯಿಂದ.

ನನಗೆ ಆರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ನನ್ನನ್ನು ಸಾಕಿದವಳು ಅವ್ವನ ತಂಗಿ, ನನ್ನ ಚಿಗವ್ವ. ಗಂಡ ಸತ್ತ ಮೇಲೆ ಆಕೆ ಸವದತ್ತಿ ರಸ್ತೆಯ ಮಗ್ಗುಲಿಗೆ ಒಂದು ಖಾನಾವಳಿ ನಡೆಸುತ್ತಿದ್ದಳು. ನಾಲ್ಕು ಬೆಂಚು, ಎರಡು ಒಲೆ, ಹಿತ್ತಲಲ್ಲಿ ಒಂದು ಬಾವಿ. ಖಾನಾವಳಿಯ ಹೆಸರು ನಿಂತಿದ್ದೇ ಆ ಬಾವಿಯ ಮೇಲೆ. ಆ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಮನೋಳಿಯಿಂದ ಕಾಯಿಪಲ್ಲೆ ತರುವವರು, ರಾಮದುರ್ಗದ ಕಡೆ ಹೋಗುವ ಲಾರಿಯವರು ಊಟ ಮುಗಿದ ಮೇಲೆ ಇನ್ನೊಂದು ತಂಬಿಗೆ ನೀರು ಕೇಳಿ ಕುಡಿದು ಏಳುತ್ತಿದ್ದರು.

ನಾನು ಊಟ ಮಾಡುತ್ತಿದ್ದುದೂ ಅಲ್ಲೇ. ತಾಟಿಗೆ ರೊಟ್ಟಿ ಹಾಕಿ, ಮೊದಲ ತುತ್ತು ಬಾಯಿಗೆ ಹೋಗುವ ತನಕ ಚಿಗವ್ವ ಎದುರಿಗೆ ನಿಲ್ಲುತ್ತಿದ್ದಳು. "ಹ್ಯಾಂಗೈತಿ?" ಎಂದು ಕೇಳುತ್ತಿದ್ದಳು. "ಭಾರಿ ಐತಿ" ಎನ್ನುತ್ತಿದ್ದೆ. ಉಪ್ಪು ಮರೆತಿದ್ದರೂ ಭಾರಿ, ಚಟ್ನಿ ಹಳಸಿದ್ದರೂ ಭಾರಿ. ಆಕೆಗೆ ಸಂತೋಷವಾದರೆ ನನ್ನ ಗಂಟೇನು ಹೋಗುತ್ತದೆ ಎಂಬ ಧೋರಣೆ ನನ್ನದು.

ಬಾವಿಯಿಂದ ಹದಿನೈದು ಹೆಜ್ಜೆ ಆಚೆ ಒಂದು ಹಳೆಯ ಹಗೇವು ಇತ್ತು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಈ ಹೊಂಡಗಳಲ್ಲಿ ತುಂಬಿಡುತ್ತಿದ್ದರು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೊಡದಂತೆ ಅಗಲವಾದ ಹೊಟ್ಟೆ, ಎರಡಾಳಿಗಿಂತ ಹೆಚ್ಚು ಆಳ. ಸುತ್ತ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮುಚ್ಚಿದರೆ ಮೂರು ವರ್ಷವಾದರೂ ಹುಳ ಹತ್ತುತ್ತಿರಲಿಲ್ಲ. ಚಿಗವ್ವನ ಗಂಡ ಸತ್ತ ಮೇಲೆ ಆ ಹಗೇವು ಖಾಲಿ ಬಿದ್ದಿತ್ತು.

ಪೆಟ್ರೋಲು ತುಟ್ಟಿಯಾಗಿ, ದುಡ್ಡು ಕೊಟ್ಟರೂ ಸಿಗದಂತಾದ ಕಾಲವದು. ನನ್ನ ಹತ್ತಿರ ಒಂದು ಹಳೆಯ ಜೀಪು ಇತ್ತು. ಮಿಲ್ಲಿಗೆ ರಜೆ ಇದ್ದಾಗ ಕಿತ್ತೂರು, ಸವದತ್ತಿ ಸಂತೆಗಳಿಗೆ ಜನರನ್ನು ಒಯ್ಯುತ್ತಿದ್ದೆ. ಸಿಕ್ಕಾಗ ಸಿಕ್ಕಷ್ಟು ಪೆಟ್ರೋಲು ತಂದು ಹದಿನಾರು ತಗಡಿನ ಡಬ್ಬಿ ತುಂಬಿದೆ. ಎಲ್ಲಿ ಇಡುವುದು? ಚಿಗವ್ವ ಮಗಳ ಬಾಣಂತನಕ್ಕೆಂದು ಸಾಲಹಳ್ಳಿಗೆ ಹೋಗಿದ್ದಳು. ಹಗೇವಿನ ಕಲ್ಲು ಸರಿಸಿ, ಡಬ್ಬಿಗಳನ್ನು ಹಗ್ಗ ಕಟ್ಟಿ ಇಳಿಸಿ, ಮೊದಲಿನಂತೆಯೇ ಮುಚ್ಚಿಬಿಟ್ಟೆ. ನೂರು ಚೀಲ ಜೋಳ ಕಾಯ್ದ ಹಗೇವು ಹದಿನಾರು ಡಬ್ಬಿ ಪೆಟ್ರೋಲು ಕಾಯುವುದಿಲ್ಲವೇ? ನಮ್ಮ ಸೀಮೆಯವನಲ್ಲದೆ ಬೇರೆ ಯಾರಿಗೂ ಇಂಥ ಬುದ್ಧಿ ಹೊಳೆಯಲಿಕ್ಕಿಲ್ಲ.

ನಾಲ್ಕು ಡಬ್ಬಿ ಬಳಸಿದೆ. ಅಷ್ಟರಲ್ಲಿ ಜೀಪಿನ ಆಕ್ಸಲ್ ಮುರಿಯಿತು, ಗಾಡಿ ಮೂಲೆ ಸೇರಿತು. ಮಳೆಗಾಲ ಬಂತು, ಹೋಯಿತು. ಹುಲ್ಲಿನ ತೇವಕ್ಕೆ ಡಬ್ಬಿಯ ಬೆಸುಗೆ ತುಕ್ಕು ಹಿಡಿಯುತ್ತದೆ ಎಂಬುದು ಫಿಟ್ಟರ್ ಆದ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಲು ನಾನು ಬಿಡಲಿಲ್ಲವೋ, ಈಗ ಹೇಳುವುದು ಕಷ್ಟ.

ಮುಂದಿನ ಶಿವರಾತ್ರಿಯ ಹೊತ್ತಿಗೆ ಬಾವಿಯ ನೀರು ನಾರತೊಡಗಿತು. ಕೊಡದ ಮೇಲೆ ಬಣ್ಣಬಣ್ಣದ ತೆಳು ಪೊರೆ. ಬೇಳೆ ಬೆಂದರೂ ಅದೇ ವಾಸನೆ. ಲಾರಿಯವನೊಬ್ಬ ತುತ್ತು ಉಗುಳಿ, "ಏನಬೇ ಇದು, ಗಾಡಿಗೆ ಹಾಕೂದ ನಮಗ ಹಾಕೀಯೇನು?" ಎಂದು ಎದ್ದು ಹೋದ. ಚಿಗವ್ವ ಬಾಗಿಲಲ್ಲಿ ನಿಂತು ಅವನು ಹೋಗುವುದನ್ನೇ ನೋಡಿದಳು.

ನನಗೆ ಆ ಕ್ಷಣವೇ ತಿಳಿದಿತ್ತು. ಹೇಳಬಹುದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಮಿಸ್ತ್ರಿ ಚಾಚಾನ ಗ್ಯಾರೇಜಿನ ಕೆಲಸ ಇದು. ಎಂಜಿನ್ ತೊಳದ ಪೆಟ್ರೋಲ್ ನೆಲಕ್ಕ ಚೆಲ್ಲತಾನ. ಅದ ಇಳದೈತಿ" ಎಂದೆ.

ಖಾನಾವಳಿಯಿಂದ ನಲವತ್ತು ಹೆಜ್ಜೆ ಮೇಲೆ ಮಿಸ್ತ್ರಿ ಚಾಚಾನ ಗ್ಯಾರೇಜು. ನನಗೆ ಪಾನಾ ಹಿಡಿದು ನಟ್ಟು ತಿರುಗಿಸುವುದನ್ನು ಕಲಿಸಿದವನೇ ಆತ. ಹತ್ತು ವರ್ಷದಿಂದ ಅವನ ಮಧ್ಯಾಹ್ನದ ಊಟ ಚಿಗವ್ವನಲ್ಲೇ. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ ಅವನ ಗ್ಯಾರೇಜಿನ ಮುಂದೆ ನಿಂತು ರಸ್ತೆಯವರೆಲ್ಲ ಕೇಳುವಂತೆ ಬೈದಳು. ಆತ ಕೈಯಲ್ಲಿನ ಪಾನಾ ಕೆಳಗಿಟ್ಟ. ಮರುದಿನದಿಂದ ಊಟಕ್ಕೆ ಬರುವುದು ಬಿಟ್ಟ. ಎಂಟು ದಿನದಲ್ಲಿ ಎಂಜಿನ್ ತೊಳೆಯುವ ಜಾಗಕ್ಕೆ ತಾನೇ ಸಿಮೆಂಟು ಹಾಕಿಸಿದ. ಆ ಸಿಮೆಂಟಿನ ಮುಂದೆ ಹಾಯುವಾಗೆಲ್ಲ ನಾನು ಇನ್ನೊಂದು ಮಗ್ಗುಲು ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ನೀರು ಖಾಲಿ ಮಾಡಿದರೆ ಸಾಕು ಎಂದುಕೊಂಡು ಮಿಲ್ಲಿನ ಪಂಪು ತಂದು ಬಾವಿಯನ್ನು ಮೂರು ಸಲ ತಳ ಕಾಣಿಸಿದೆ. ಮೂರು ಸಲವೂ ಹೊಸ ನೀರಿನ ಜೊತೆ ಅದೇ ವಾಸನೆ ಏರಿ ಬಂತು. ಚಿಗವ್ವ ಚಕ್ಕಡಿಯಲ್ಲಿ ದೂರದ ನೀರು ತರಿಸಿ ಅಡುಗೆ ಮಾಡಿದಳು. ಬೆಂಚುಗಳು ಒಂದೊಂದಾಗಿ ಖಾಲಿಯಾದವು. "ಈ ಬಾವಿ ಸುದ್ದ ಆಗದಿದ್ರ ದೀಪಾವಳಿ ತನಕಾನೂ ನಡಿಯೂದಿಲ್ಲೋ ತಮ್ಮಾ" ಎಂದಳು ಒಂದು ದಿನ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮೆಲ್ಲಗೆ ಹೇಳಿದಳು.

ಹಗೇವಿನ ಹತ್ತಿರ ವಾಸನೆ ಹೆಚ್ಚು ಎಂಬುದು ಆಕೆಯ ಮೂಗಿಗೆ ಬರದೆ ಇರುತ್ತದೆಯೇ? ಗ್ಯಾರೇಜಿನ ಕೊಳೆ ಒಳಗಿನ ಹುಲ್ಲಿಗೂ ಇಳಿದಿರಬೇಕು, ತೆಗೆಸಿಬಿಡೋಣ ಎಂದುಕೊಂಡು, ನನಗೆ ಹೇಳದೆ, ಮನೋಳಿಯಿಂದ ಹಗೇವು ತೆಗೆಯುವ ಮುತ್ಯಾನನ್ನು ಕರೆಸಿದಳು. ಎಪ್ಪತ್ತು ದಾಟಿದವನು, ಜೀವಮಾನವೆಲ್ಲ ಹಗೇವುಗಳಿಗೆ ಇಳಿದವನು. ಅವನ ಕಸುಬಿಗೆ ಒಂದು ಕಟ್ಟಳೆ ಇದೆ. ಮುಚ್ಚಿದ ಹಗೇವಿನಲ್ಲಿ ಗಾಳಿ ಸತ್ತಿರುತ್ತದೆ. ತೆಗೆದ ಕೂಡಲೇ ಇಳಿದವನು ಹೊರಗೆ ಬರುವುದಿಲ್ಲ. ಅದಕ್ಕೆ ಬಾಯಿ ತೆರೆದು ಅರ್ಧ ದಿನ ಬಿಡಬೇಕು. ಆಮೇಲೆ ಹಚ್ಚಿದ ಕಂದೀಲನ್ನು ಹಗ್ಗದಿಂದ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಕಂಬಳಿಯ ಗಂಟನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿಯನ್ನು ಹೊರಗೆ ಹಾಕಬೇಕು.

ಅಂದು ಮಧ್ಯಾಹ್ನ ಊಟಕ್ಕೆಂದು ಹಿತ್ತಲ ಬಾಗಿಲಿಂದ ಬಂದೆ. ಹಗೇವಿನ ಕಲ್ಲು ಮಗ್ಗುಲಿಗೆ ಬಿದ್ದಿತ್ತು. ಮುತ್ಯಾ ಅದರತ್ತ ನಡೆಯುತ್ತಿದ್ದ. ಇಡೀ ಹಿತ್ತಲೇ ನಾರುತ್ತಿತ್ತು, ವಾಸನೆ ಬಾವಿಯದೆಂದೇ ಅವನು ತಿಳಿದಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಉರಿಯುವ ಕಂದೀಲು. ಬಾಯಿಗೆ ಇನ್ನು ಐದಾರು ಹೆಜ್ಜೆ.

ಕೂಗಲು ದನಿ ಬರಲಿಲ್ಲ. ಕಾಲ ಬಳಿ ಮುಸುರೆಯ ಬಕೀಟು ಇತ್ತು. ಎತ್ತಿಕೊಂಡು ಓಡಿ ಕಂದೀಲಿನ ಮೇಲೆ ಸುರಿದೆ. ಅರ್ಧ ದೀಪದ ಮೇಲೆ ಬಿತ್ತು, ಅರ್ಧ ಮುತ್ಯಾನ ಮೇಲೆ. ಗಾಜು ಚಟ್ಟನೆ ಒಡೆಯಿತು. ಮುತ್ಯಾ ಕುಂಡಿ ಊರಿ ಕೂತ. ಅವನ ತಲೆಯ ಪಟಗದ ಮೇಲೆ ಬದನೆಕಾಯಿಯ ತೊಟ್ಟು.

"ಹುಚ್ಚ ಹಿಡದೈತೇನಲೇ ನಿನಗ?" ಎಂದು ಗುಡುಗಿದ.

"ಒಳಗ ಪೆಟ್ರೋಲ್ ಐತ್ರಿ ಮುತ್ಯಾ! ದೀಪ ಇಳಿಸಿದ್ರ ನೀವೂ ಇರತಿದ್ದಿಲ್ಲ, ಮನೀನೂ ಇರತಿದ್ದಿಲ್ಲ. ನಾನ ಇಟ್ಟೇನ್ರಿ, ನಾನ!"

ಆಗ ದನಿ ಬಂತು. ಇಡೀ ಓಣಿಗೆ ಕೇಳುವಷ್ಟು ಬಂತು. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಚಿಗವ್ವ, ಕೈಯಲ್ಲಿ ಹಿಟ್ಟು.

ಆಕೆ ಮೊದಲು ಮುತ್ಯಾನನ್ನು ಎಬ್ಬಿಸಿದಳು. ಮೈ ತೊಳೆಯಲು ಚಕ್ಕಡಿಯ ಒಳ್ಳೆಯ ನೀರು ಕೊಟ್ಟಳು. ಗಂಡನ ಹಳೆಯ ಧೋತರ ತಂದುಕೊಟ್ಟಳು. ಆಮೇಲೆ ನನ್ನ ಕಡೆ ನೋಡಿದಳು.

"ಮಿಸ್ತ್ರಿ?" ಎಂದಳು.

"ಅಂವಂದೇನೂ ತಪ್ಪಿಲ್ಲ."

"ನನ್ನ ಬಾಯಿಲೆ ಆ ಮನಶ್ಯಾಗ ಬೈಸಿದಿ" ಎಂದಳು. "ಕೇಳು. ಈ ಬಾವಿ ನೀರ ನಾ ಸೇದಿ ಆ ಮಿಸ್ತ್ರಿ ಕೈಯಾಗ ಕೊಡಬೇಕು, ಅಂವ ಕುಡೀಬೇಕು. ಅಲ್ಲೀತನಕ ಈ ಮನಿಯಾಗ ನಿನಗ ತಾಟ ಇಲ್ಲ."

ಅಂದು ಆಕೆ ನನಗೆ ಊಟ ಹಾಕಲಿಲ್ಲ. ಆರು ವರ್ಷದವನಿದ್ದಾಗಿನಿಂದ ಅದೇ ಮೊದಲು. ಮಿಲ್ಲಿನ ಗೋಡೌನಿನ ಹಿಂದೆ ಹತ್ತಿಯ ಚೀಲದ ಮೇಲೆ ಕೂತು ಅತ್ತೆ. ಮದುವೆಯ ವಯಸ್ಸಿಗೆ ಬಂದ ಗಂಡಸು, ಸಣ್ಣ ಹುಡುಗನ ಹಾಗೆ ಅತ್ತೆ. ಅದನ್ನು ಮುಚ್ಚಿಡುವುದು ಏತಕ್ಕೆ?

ಮರುದಿನ ಮುತ್ಯಾನೂ ನಾನೂ ಕೂಡಿ ಮೇಲಿನಿಂದಲೇ ಕೊಕ್ಕೆ ಹಾಕಿ ಡಬ್ಬಿಗಳನ್ನು ಎಳೆದೆವು. ಹನ್ನೆರಡರಲ್ಲಿ ಒಂಬತ್ತು ಖಾಲಿ. ಹುಲ್ಲನ್ನೂ ಎಳೆದು ಊರ ಹೊರಗೆ ಒಯ್ದು ಹಾಕಿದೆವು. ಕೆಲಸ ಮುಗಿಯಿತು ಎಂದೆ. ಮುತ್ಯಾ ಕೊಕ್ಕೆಯ ಜೊತೆ ಮೇಲೆ ಬಂದಿದ್ದ ಒಂದು ಹಿಡಿ ಗರಸನ್ನು, ಹರಳು ಬೆರೆತ ಮಣ್ಣನ್ನು, ನನ್ನ ಮೂಗಿಗೆ ಹಿಡಿದ.

"ಬಾವಿ ತೊಳೀತಿ, ಡಬ್ಬಿ ತಗೀತಿ. ವಾಸನಿ ಎಲ್ಲೈತಿ? ಇದರಾಗ ಐತಿ. ನೆಲದ ಹೊಟ್ಟ್ಯಾಗ ಹೊಕ್ಕೈತಿ. ನೆಲಾ ಉಸರ ಬಿಡಬೇಕೋ ಹುಡುಗಾ, ಹಗೇವ ಬಿಟ್ಟಂಗ."

"ಕಂಬಳಿ ಆಡಿಸೂಣೇನ್ರಿ ಮತ್ತ?"

"ಹೊಂಡದ ಗಾಳಿಗೆ ಕಂಬಳಿ ಸಾಕು. ಮಣ್ಣಿನ ಒಳಗಿನ ಗಾಳಿಗೆ ನಿನ್ನ ಕಂಬಳಿ ಎಷ್ಟು ದೊಡ್ಡದೈತಿ?"

ಮುತ್ಯಾ ಚೇಷ್ಟೆ ಮಾಡಿದ್ದ. ನನ್ನ ತಲೆಯಲ್ಲಿ ಮಾತ್ರ ಒಂದು ಚಕ್ರ ತಿರುಗಿತು. ಮಿಲ್ಲಿನಲ್ಲಿ ಒಂದು ದೊಡ್ಡ ಪಂಖಾ ಇತ್ತು. ಅಂಗಳದ ಹತ್ತಿಯನ್ನು ತಗಡಿನ ಕೊಳವೆಯಿಂದ ಹೀರಿ ಮೇಲಿನ ಮಾಳಿಗೆಗೆ ಎತ್ತುವುದು ಅದರ ಕೆಲಸ. ಹತ್ತಿಯನ್ನು ಹೀರುವುದು ವಾಸನೆಯನ್ನು ಹೀರದೇ? ಹತ್ತಿಯ ಸುಗ್ಗಿ ಮುಗಿದು ಮಿಲ್ಲು ನಿಂತಿತ್ತು. ಮ್ಯಾನೇಜರನಿಗೆ ನಿಜವನ್ನೇ ಹೇಳಿ ಕೇಳಿದೆ. ಆತ ನಕ್ಕು, "ಒಯ್ಯಿ, ಮುರದ್ರ ನೀನ ರಿಪೇರಿ ಮಾಡಾಂವ" ಎಂದ.

ಪಂಖಾ ಸಿಕ್ಕಿತು. ಆದರೆ ಉದ್ದನೆಯ ಪೈಪು, ಪಂಖಾ ತಿರುಗಿಸುವ ಎಂಜಿನ್ ಇದ್ದದ್ದು ಮಿಸ್ತ್ರಿ ಚಾಚಾನಲ್ಲಿ. ಹೋದೆ. ಆತ ಜೀಪೊಂದರ ಕೆಳಗೆ ಮಲಗಿದ್ದ. ಕಾಲುಗಳಷ್ಟೇ ಕಾಣುತ್ತಿದ್ದವು. ಆ ಕಾಲುಗಳಿಗೇ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ. ಒಳಗಿನಿಂದ ಬಹಳ ಹೊತ್ತು ಪಾನಾದ ಸದ್ದೇ ಬಂತು.

"ನಿನಗ ನಟ್ಟ ಬಿಗಿ ಮಾಡೂದ ಕಲಿಸಿದೆ, ನಾಲಿಗಿ ಬಿಗಿ ಮಾಡೂದ ಕಲಿಸೂದ ಮರತೆ" ಎಂದ ಕೊನೆಗೆ. ಹೊರಗೆ ಬಂದು ಕೈ ಒರೆಸಿಕೊಂಡು ಕೇಳಿದ: "ಆ ಪಂಖಾದ ಎಲಿ ಕಬ್ಬಿಣದ್ದಲ್ಲೇನು? ಸುತ್ತಿನ ಕವಚಕ್ಕ ತಾಗಿ ಒಂದ ಕಿಡಿ ಹಾರಿದ್ರ ಏನ ಮಾಡ್ತಿ?"

ಅದನ್ನು ನಾನು ಯೋಚಿಸಿರಲಿಲ್ಲ. ನನಗೆ ಸಿಟ್ಟು ಬಂತು, ನನ್ನ ಮೇಲೆಯೇ. ಎಲೆಗಳ ಅಂಚು ತೇಯ್ದು ಕವಚಕ್ಕೂ ಅವಕ್ಕೂ ಎರಡು ಬೆರಳು ಸಂದು ಬಿಟ್ಟೆವು. ಎಂಜಿನ್ನನ್ನು ಗಾಳಿ ಬರುವ ಕಡೆಗೆ ದೂರ ಇಟ್ಟು, ಅಲ್ಲಿಂದ ಪಂಖಾ ತಿರುಗಿಸಲು ಉದ್ದನೆಯ ಪಟ್ಟಾ ಹಾಕಿದೆವು. ಹೀರಿದ ಗಾಳಿ ಹೋಗುವ ಕೊಳವೆಯನ್ನು ಮಾಳಿಗೆಗಿಂತ ಎತ್ತರಕ್ಕೆ ಏರಿಸಿದೆವು. ಹಗೇವಿಗೂ ಬಾವಿಗೂ ನಡುವೆ ಮುತ್ಯಾ ಹಾರೆಯಿಂದ ಮೂರು ಆಳವಾದ ತೂತು ಇಳಿಸಿದ. ಕೆಳಗಿನ ಅರ್ಧಕ್ಕೆ ರಂಧ್ರ ಕೊರೆದ ಪೈಪುಗಳನ್ನು ಅವುಗಳಲ್ಲಿ ನಿಲ್ಲಿಸಿ, ಸುತ್ತ ಹರಳು ತುಂಬಿ, ಮೇಲೆ ಜೇಡಿ ಮೆತ್ತಿ, ಮೂರನ್ನೂ ಪಂಖಾಕ್ಕೆ ಜೋಡಿಸಿದೆವು. ಹಗೇವಿನ ಬಾಯಿ ತೆರೆದಿತ್ತು. ಹೊಸ ಗಾಳಿ ಅಲ್ಲಿಂದ ಇಳಿದು, ಗರಸಿನೊಳಗೆ ಹಾಯ್ದು, ಪೆಟ್ರೋಲಿನ ಆವಿಯನ್ನು ಹೊತ್ತು ಪೈಪಿಗೆ ಬರಬೇಕು. ಲೆಕ್ಕ ಅಷ್ಟೇ.

ಚಿಗವ್ವ ಬೆಳಕು ಹರಿಯುವ ಮೊದಲೇ ಅಡುಗೆ ಮುಗಿಸಿ, ಎರಡೂ ಒಲೆಗೆ ನೀರು ಹೊಯ್ದು, ಬೂದಿ ಮುಟ್ಟಿ ನೋಡಿ, ಮೂಲೆಯಲ್ಲಿ ನಿಂತಳು. ನನ್ನ ಜೊತೆ ಮಾತಿಲ್ಲ. ಬೀಡಿ ಹಿಡಿದು ಬಂದವರನ್ನು ಮಾತ್ರ ರಸ್ತೆಯಲ್ಲೇ ಅಡ್ಡಗಟ್ಟಿ ಓಡಿಸಿದಳು.

ಎಂಜಿನ್ ಶುರುವಾಯಿತು, ಪಂಖಾ ಕೂಗಿತು. ಮುತ್ಯಾ ಏಣಿ ಹತ್ತಿ ಕೊಳವೆಯ ಬಾಯಿಗೆ ಮೂಗು ಹಿಡಿದು, "ಬರೇ ಗಾಳಿ" ಎಂದು ಇಳಿದ.

ಎರಡು ದಿನ ನಡೆಸಿದರೂ ಬರೇ ಗಾಳಿ. ನಾನು ಪಂಖಾದ ಸದ್ದು ಕೇಳಿದೆ, ಪಟ್ಟಾ ನೋಡಿದೆ, ಎಲ್ಲ ಸರಿಯಿತ್ತು. ಮೂರನೆಯ ದಿನ ಚಿಗವ್ವ ಒಂದು ಬುಟ್ಟಿ ಸೆಗಣಿ, ಒಂದು ಬುಟ್ಟಿ ಮಣ್ಣು ಕಲಸಿಕೊಂಡು ಬಂದು ಹಿತ್ತಲ ನೆಲದ ಮೇಲೆ ಕೂತಳು. ಗರಸಿನ ಮೇಲೆ ಮೂರು ಮೊಳ ಎರೆಮಣ್ಣು. ಬೇಸಿಗೆಗೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಆಕೆ ಬಿರುಕಿನ ಮೇಲೆ ಒಂದು ಹತ್ತಿಯ ಎಳೆ ಇಟ್ಟಳು. ಎಳೆ ಸುಯ್ಯನೆ ಒಳಗೆ ಹೋಯಿತು. ನನ್ನ ಪಂಖಾ ಮೇಲಿನ ಬಿರುಕಿನಿಂದ ಗಾಳಿ ಕುಡಿಯುತ್ತಿತ್ತು, ಕೆಳಗಿನ ಗರಸನ್ನು ಮುಟ್ಟಿಯೇ ಇರಲಿಲ್ಲ. ಯಂತ್ರ ಬಲ್ಲ ನನಗೆ ಕಾಣದ್ದು ನೆಲ ಸಾರಿಸುವ ಆಕೆಗೆ ಕಂಡಿತ್ತು. ಆಕೆ ಅಷ್ಟೂ ಹಿತ್ತಲನ್ನು ಮೆತ್ತಿ ಸಾರಿಸಿದಳು. ನಾನು ಬುಟ್ಟಿ ಹೊತ್ತುಕೊಟ್ಟೆ. ಆಕೆ ಬುಟ್ಟಿ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ.

ಅಂದು ಸಂಜೆ ಏಣಿಯ ಮೇಲಿದ್ದ ಮುತ್ಯಾ ಕೆಮ್ಮುತ್ತ ಇಳಿದು ಬಂದ. "ಬಂತಲೇ! ನೆಲಾ ಉಸರ ಬಿಟ್ಟಿತು!" ಎಂದ. ಮಿಸ್ತ್ರಿ ಚಾಚಾ ನನ್ನ ಬೆನ್ನಿಗೆ ಗುದ್ದಿದ. ನಾನು ಆ ಸಂತೋಷವನ್ನು ಈಗಲೂ ಮರೆತಿಲ್ಲ. ಕಣ್ಣಿಗೆ ಕಾಣದ ಕೊಳೆಯನ್ನು ನೆಲದ ಹೊಟ್ಟೆಯಿಂದ ಹಿಡಿದು ಎಳೆಯುತ್ತಿದ್ದೆವು.

ದಿನವೂ ಬೆಳಿಗ್ಗೆಯಿಂದ ಹೊತ್ತು ಇಳಿಯುವ ತನಕ ಪಂಖಾ ನಡೆಯಿತು. ಎಂಟು ದಿನಕ್ಕೆ ಕೊಳವೆಯಲ್ಲಿ ವಾಸನೆ ನಿಂತಿತು. "ಮುಗೀತು" ಎಂದೆ. "ನಾಕ ದಿನ ನಿಲ್ಲಸು" ಎಂದ ಮುತ್ಯಾ. ವಾದ ಮಾಡಿದೆ, ಅವನು ಕೇಳಲಿಲ್ಲ. ನಾಲ್ಕು ದಿನ ಬಿಟ್ಟು ಹಚ್ಚಿದರೆ ವಾಸನೆ ಮತ್ತೆ ಮುಖಕ್ಕೆ ಹೊಡೆದಂತೆ ಬಂತಂತೆ. ಮಣ್ಣಿನ ಸಂದಿಯಲ್ಲಿ ಅಡಗಿದ್ದದ್ದು ನಿಧಾನವಾಗಿ ಹೊರಗೆ ಬಂದಿತ್ತು. ಹೀಗೆ ನಡೆಸುವುದು, ನಿಲ್ಲಿಸುವುದು, ಮತ್ತೆ ನಡೆಸುವುದು. ಬಾವಿಯ ಮೇಲಿನ ಪೊರೆಯನ್ನು ನಾನೇ ಇಳಿದು ಬಳಿದು ಹಾಕುತ್ತಿದ್ದೆ, ನೀರನ್ನು ಹೊರಗೆ ಚೆಲ್ಲುತ್ತಿದ್ದೆ. ಬೇಸಿಗೆ ಹೀಗೆಯೇ ಕಳೆಯಿತು.

"ಬಂತಂತೆ" ಎಂದೆನಲ್ಲ, ಅದಕ್ಕೆ ಕಾರಣವಿದೆ. ಬಾವಿಯೊಳಗಿನ ಆವಿ ಕುಡಿದು ಮೊದಲ ವಾರದಲ್ಲೇ ನನ್ನ ಮೂಗು ಸತ್ತಿತ್ತು. ಪೆಟ್ರೋಲೂ ಗೊತ್ತಾಗುತ್ತಿರಲಿಲ್ಲ, ಮಲ್ಲಿಗೆಯೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಸದ್ದಿನ ಮೇಲೆ ಜಗತ್ತನ್ನೇ ಅಳೆಯುತ್ತಿದ್ದವನು ಒಬ್ಬ ಮುದುಕನ ಮೂಗನ್ನು ನಂಬಿ ಕೂತಿದ್ದೆ.

ರೋಹಿಣಿ ಮಳೆ ಹೊಡೆಯಿತು. ಬಾವಿಗೆ ಹೊಸ ನೀರು ಬಂತು. ಹತ್ತು ದಿನ ಪಂಖಾ ನಿಲ್ಲಿಸಿ ಮತ್ತೆ ಹಚ್ಚಿದಾಗ ಮುತ್ಯಾ ಏಣಿಯ ಮೇಲೆ ಬಹಳ ಹೊತ್ತು ನಿಂತ. ಇಳಿದು ಬಂದು ಚಿಗವ್ವನಿಗೆ, "ಇನ್ನ ಸೇದವಾ" ಎಂದ.

ಚಿಗವ್ವ ಸೇದಿದಳು. ಮೊದಲು ತಾನು ಕುಡಿದಳು. ತಂಬಿಗೆ ತುಂಬಿಕೊಂಡು ಗ್ಯಾರೇಜಿಗೆ ನಡೆದಳು. ತಾನು ಬೈದ ಜಾಗದಲ್ಲೇ, ಆ ಹೊಸ ಸಿಮೆಂಟಿನ ಮೇಲೆ ನಿಂತು, "ನಂದ ತಪ್ಪಾತ್ರಿ ಮಿಸ್ತ್ರಿ. ಕುಡೀರಿ" ಎಂದಳು. ತಪ್ಪು ಮಾಡಿದ ನಾನು ಹಿಂದೆ ನಿಂತಿದ್ದೆ.

ಚಾಚಾ ಒಂದು ಗುಟುಕು ಕುಡಿದು ಮುಖ ಕಿವಿಚಿದ. ತಂಬಿಗೆಯೊಳಗೆ ಇಣುಕಿ ನೋಡಿ, "ಏನವಾ ಇದು, ಬರೇ ನೀರ ಕೊಟ್ಟೀಯಲ್ಲ, ಊಟ ಎಲ್ಲೈತಿ?" ಎಂದ. ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು ತಂಬಿಗೆ ಬೋರಲು ಮಾಡಿ ತೋರಿಸಿದ.

ಮಧ್ಯಾಹ್ನ ಚಿಗವ್ವ ಮೂರು ತಾಟು ಇಟ್ಟಳು. ಮುತ್ಯಾನಿಗೆ, ಚಾಚಾನಿಗೆ, ಮೂರನೆಯದು ನನಗೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಆ ಬಾವಿಯ ನೀರಿನಲ್ಲಿ ಬೆಂದ ಬೇಳೆ. ನಾನು ಮೊದಲ ತುತ್ತು ಬಾಯಿಗಿಟ್ಟೆ. ಆಕೆ ಎದುರಿಗೆ ನಿಂತಳು.

"ಹ್ಯಾಂಗೈತಿ?"

ಭಾರಿ ಐತಿ ಎಂಬ ಮಾತು ತುಟಿಯ ತನಕ ಬಂದಿತ್ತು. ಇಡೀ ಬೇಸಿಗೆ ಕಳೆದ ಮೇಲೆ ಸಿಕ್ಕ ಊಟ. ಆಕೆಯ ಮುಖದಲ್ಲಿ ಆಸೆ ಇತ್ತು. ನುಂಗಿಕೊಂಡೆ.

"ಗೊತ್ತಾಗವಲ್ದು ಚಿಗವ್ವ. ನನ್ನ ಮೂಗ ಹೋಗೇತಿ. ವಾಸನೀನೂ ಇಲ್ಲ, ರುಚೀನೂ ಇಲ್ಲ. ಚಲೋ ಐತೋ ಇಲ್ಲೋ ಹೇಳಾಕ ಬರೂದಿಲ್ಲ."

ಚಾಚಾ ತಿನ್ನುವುದನ್ನು ನಿಲ್ಲಿಸಿದ. ಚಿಗವ್ವ ಒಳಗೆ ಹೋಗಿ ಬೆಣ್ಣೆಯ ಗಡಿಗೆ ತಂದು, ನನ್ನ ರೊಟ್ಟಿಯ ಮೇಲೆ ದೊಡ್ಡ ಮುದ್ದೆ ಇಟ್ಟಳು.

"ಖರೇ ಹೇಳಿದಿ" ಎಂದಳು. "ಉಣ್ಣು."